ಜೋಗಿಮಟ್ಟಿಯ ನೆರಳಿನಲ್ಲಿ

ಚಿತ್ರದುರ್ಗಕ್ಕೆ ಬರುವ ಪ್ರವಾಸಿಗರ ದಿನಚರಿ ಬಹುಮಟ್ಟಿಗೆ ಗೊತ್ತಾದದ್ದೇ. ಬೆಳಿಗ್ಗೆ ಏಳು ಸುತ್ತಿನ ಕೋಟೆ, ಅಲ್ಲಿ ಓಬವ್ವನ ಕಿಂಡಿಯ ಮುಂದೊಂದು ಚಿತ್ರ; ಮಧ್ಯಾಹ್ನ ಚಂದ್ರವಳ್ಳಿಯ ಗುಹೆ; ಹೊತ್ತು ಉಳಿದರೆ ಜೋಗಿಮಟ್ಟಿಯ ದಾರಿಯಲ್ಲಿರುವ ಆಡುಮಲ್ಲೇಶ್ವರದ ಕಿರು ಮೃಗಾಲಯ. ಮಕ್ಕಳು ಬೋನಿನೊಳಗಿನ ಚಿರತೆಯನ್ನು ಕಂಡು ಹಿಗ್ಗುತ್ತಾರೆ. ಅದರ ಬಳಗವೇ ಎದುರಿನ ಗುಡ್ಡದಲ್ಲಿ ಸ್ವಚ್ಛಂದವಾಗಿ ಬಾಳುತ್ತಿದೆಯೆಂಬುದು ಅವರಿಗೆ ತೋರುವುದಿಲ್ಲ, ತೋರಿಸುವವರೂ ಅಪರೂಪ.

ದುರ್ಗವೆಂದರೆ ಕಲ್ಲಿನ ಸೀಮೆ ಎಂಬ ಮಾತು ಸುಳ್ಳಲ್ಲ. ವರ್ಷವಿಡೀ ಬೀಳುವ ಮಳೆ 60 ಸೆಂಟಿಮೀಟರಿನ ಆಸುಪಾಸು. ಇಂತಹ ನೆಲದಲ್ಲಿ ಒಂದು ರಾಜಧಾನಿ ಬಾಳಿತೆಂದರೆ ಅದರ ಗುಟ್ಟು ಕತ್ತಿಯಲ್ಲಷ್ಟೇ ಇರಲಾರದು. ಕೋಟೆಗೆ ಹೋದವರು ದಯಮಾಡಿ ಒಂದು ಗಳಿಗೆ ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ನಿಲ್ಲಬೇಕು. ಬಂಡೆಗಳ ಮೇಲೆ ಬಿದ್ದ ಮಳೆ ಇಲ್ಲಿ ತಂಗುತ್ತದೆ. ತುಂಬಿದ ಮೇಲೆ ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ. ಮೇಲಿನ ಮನೆಯ ಹೆಚ್ಚಳ ಕೆಳಗಿನ ಮನೆಗೆ! ಮದ್ದು ಅರೆಯುತ್ತಿದ್ದ ದೈತ್ಯ ಬೀಸುಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡುವ ಜನ ಈ ಹೊಂಡಗಳನ್ನು ದಾಟಿ ಸರಸರನೆ ನಡೆದುಬಿಡುತ್ತಾರೆ. ನಮಗಾದರೋ ಮದ್ದಿಗಿಂತ ಈ ನೀರೇ ದೊಡ್ಡ ಶೌರ್ಯವೆಂದು ತೋರಿತು.

ಈ ಜಾಣತನ ಪಾಳೆಯಗಾರರಿಂದ ಮೊದಲಾದದ್ದೂ ಅಲ್ಲ. ಚಿತ್ರದುರ್ಗ, ಚೋಳಗುಡ್ಡ, ಕಿರುಬನಕಲ್ಲು ಎಂಬ ಮೂರು ಗುಡ್ಡಗಳ ನಡುವಣ ಕಣಿವೆಯೇ ಚಂದ್ರವಳ್ಳಿ. ಅಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ ಪುಟ್ಟದೊಂದು ಪ್ರಾಕೃತ ಶಾಸನವಿದೆ. ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಬೆಳಕಿಗೆ ತಂದ ಈ ಬರಹ ಕದಂಬರ ಮಯೂರಶರ್ಮನದು, ನಾಲ್ಕನೆಯ ಶತಮಾನದ್ದು. ತಾನು ಗೆದ್ದ ಪಲ್ಲವ, ಆಭೀರ, ಪುನ್ನಾಟ ಮೊದಲಾದವರ ಹೆಸರುಗಳನ್ನು ಅರಸನು ಇಲ್ಲಿ ಸಾಲಾಗಿ ಹೇಳಿಕೊಂಡಿದ್ದಾನೆ, ನಿಜ. ಆದರೆ ಶಾಸನ ಹುಟ್ಟಿದ ಸಂದರ್ಭ ಯುದ್ಧವಲ್ಲ. ಒಂದು ಕೆರೆಯ ನಿರ್ಮಾಣ. ಇದೇ ನೆಲದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ವ್ಹೀಲರ್ ಸಾಹೇಬರೂ ಇಲ್ಲಿ ಉತ್ಖನನ ನಡೆಸಿದರು. ಬುತ್ತಿ ಬಿಚ್ಚಿ ಕುಳಿತ ಪ್ರವಾಸಿಗರಿಗೆ ಈ ಬಂಡೆ ಹತ್ತರೊಡನೆ ಹನ್ನೊಂದು ಅಷ್ಟೆ.

ಇನ್ನು ಜೋಗಿಮಟ್ಟಿ. ಆಡುಮಲ್ಲೇಶ್ವರದ ದಾರಿಯಲ್ಲಿ ಕಾಣುವ ತಿಮ್ಮಣ್ಣನಾಯಕನ ಕೆರೆಗೆ ದುರ್ಗದ ನಾಯಕರ ಮೂಲಪುರುಷನ ಹೆಸರಿದೆ. ಅದನ್ನು ದಾಟಿ ಮೇಲೇರಿದಂತೆ ಕುರುಚಲು ಸರಿದು ಮರಗಳು ದಟ್ಟವಾಗುತ್ತವೆ; ಗಾಳಿ ತಂಪಾಗುತ್ತದೆ. ಇದನ್ನು ದುರ್ಗದ ಊಟಿ ಎನ್ನುವ ವಾಡಿಕೆ ನಮಗೆ ಅಷ್ಟಾಗಿ ಹಿಡಿಸದು. ಜೋಗಿಮಟ್ಟಿಗೆ ಎರವಲು ಹೆಸರೇತಕ್ಕೆ? ಸಾಲಿನ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಕಾಲ ಬುಡದ ಗಿಡಗಳು ಬೀಳುವುದಿಲ್ಲ. ಔಷಧಿ ಸಸ್ಯಗಳ ರಕ್ಷಣೆಗಾಗಿ ನಾಡಿನಲ್ಲಿ ಆಯ್ದ ಕೆಲವೇ ಕಾಡುಗಳಲ್ಲಿ ಇದೂ ಒಂದು. 2015ರಲ್ಲಿ ಇದು ವನ್ಯಧಾಮವಾಯಿತು. ಕರಡಿ, ಕೊಂಡುಕುರಿ, ನವಿಲುಗಳಿಗೆ ಇದೇ ಮನೆ. ಒಳಗೆ ಹಿಮವತ್ಕೇದಾರದ ಜಲಧಾರೆಯೂ ಉಂಟು.

ಇಂದು ದುರ್ಗದ ನಲ್ಲಿಗಳಿಗೆ ನೀರು ಬರುವುದು ದೂರದ ಶಾಂತಿಸಾಗರ, ವಾಣಿವಿಲಾಸ ಸಾಗರಗಳಿಂದ. ಹೀಗಾಗಿ ಬೆಟ್ಟದ ಮೇಲೆ ಬಿದ್ದ ಮಳೆ ಎತ್ತ ಹೋಯಿತೆಂದು ಪೇಟೆಯವರು ವಿಚಾರಿಸುವ ಪ್ರಸಂಗವೇ ಬಾರದು. ಬೆಟ್ಟದ ಮೃಗಗಳಿಗೆ ಮಾತ್ರ ಬೇರೆ ನಲ್ಲಿಯಿಲ್ಲ. ಮಾಗಿ ಕಳೆದು ಹುಲ್ಲು ಒಣಗಿದ ಮೇಲೆ ಯಾತ್ರಿಕನೊಬ್ಬನ ಬೀಡಿಯ ಕಿಡಿ ಸಾಕು, ನೀರನ್ನು ಹಿಡಿದಿಡುವ ಇಳಿಜಾರು ಬೋಳಾಗಲು.

ಹೋಗುವವರು ಮಳೆಗಾಲ ಹಿಡಿದ ಮೇಲೆ ಹೋಗಬೇಕು. ಅರಣ್ಯ ಇಲಾಖೆಯ ಅನುಮತಿ ಪಡೆದು ಮೊದಲು ಜೋಗಿಮಟ್ಟಿಗೆ, ಅನಂತರ ಕೋಟೆಗೆ. ಹಿಂದಿನ ರಾತ್ರಿ ಚೆನ್ನಾಗಿ ಮಳೆಯಾಗಿದ್ದರೆ ಗೋಪಾಲಸ್ವಾಮಿ ಹೊಂಡದ ಕೋಡಿಯ ಬಳಿ ಕಿವಿಗೊಟ್ಟು ನಿಲ್ಲಿರಿ.