ಗದ್ದೆಗೆ ತಕ್ಕ ಬೀಜ

ಪೇಟೆಯವರಿಗೆ ಭತ್ತವೆಂದರೆ ಭತ್ತ; ಬೇಸಾಯಗಾರನಿಗೆ ಹಾಗಲ್ಲ. ನಮ್ಮ ಅಗಸೂರಿನ ಗದ್ದೆಗೆ ಒಗ್ಗುವ ಬೀಜವನ್ನು ಕುಮಟೆಯ ಮಾಣಿಕಟ್ಟಾದ ಗಜನಿಗೆ ಯಾರೂ ಒಯ್ಯುವುದಿಲ್ಲ. ಅಲ್ಲಿ ಉಪ್ಪುನೀರು ನುಗ್ಗುತ್ತದೆ. ಅದನ್ನು ತಾಳಲು ಕಗ್ಗವೇ ಬೇಕು. ಕಂಪ್ಯೂಟರಿನ ಒಳಗೂ ಇಂಥ ಬೀಜದ ಕಣಜವೊಂದಿದೆಯೆಂದು ನನಗೆ ತಿಳಿಸಿದವನು ನನ್ನ ಸೋದರಳಿಯ.

ನಾವು ಬರೆದ ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ದುಭಾಷಿಗೆ ಕಂಪೈಲರ್ ಎಂದು ಹೆಸರು. ವರ್ಗಮೂಲದಂಥ ನಿತ್ಯದ ಲೆಕ್ಕಗಳನ್ನು ಸಲಸಲವೂ ಹೊಸದಾಗಿ ಬರೆಯುವವರಾರು? ಅವು ಮೊದಲೇ ತಿರುಗಿಸಿಟ್ಟು ಲೈಬ್ರರಿಯಲ್ಲಿರುತ್ತವೆ. ಆದರೆ ಚಿಪ್ಪುಗಳೆಲ್ಲ ಒಂದೇ ತೆರನಲ್ಲ. ೨೦೧೦ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ರಿಸ್ಕ್-ಫೈವ್ ಮನೆತನವನ್ನೇ ನೋಡಿ. ಹೆಸರಿನಲ್ಲಿ ‘ಎಂ’ ಇದ್ದರೆ ಆ ಚಿಪ್ಪಿಗೆ ಗುಣಾಕಾರ ಗೊತ್ತು. ‘ಎಫ್’, ‘ಡಿ’ ಇದ್ದರೆ ದಶಾಂಶವೂ ಗೊತ್ತು. ಗೊತ್ತಿಲ್ಲದ್ದನ್ನು ಕೂಡಿ ಕಳೆದು ಹೇಗೋ ಸಾಧಿಸಬೇಕು. ಅದಕ್ಕಾಗಿ ಒಂದೇ ಲೈಬ್ರರಿಯನ್ನು ಹಲವು ಬಗೆಯಾಗಿ ತಿರುಗಿಸಿ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿರುತ್ತಾರೆ. ಇದೇ ಮಲ್ಟಿಲಿಬ್. ೧೯೮೭ರಲ್ಲಿ ಹೊರಬಂದು ಇಂದಿಗೂ ದುಡಿಯುತ್ತಿರುವ ಜಿಸಿಸಿ ಕಂಪೈಲರ್, ನಾವು ಕೊಟ್ಟ ಸೂಚನೆಗಳನ್ನು ಓದಿ ತಕ್ಕ ಕೋಣೆಯ ಬಾಗಿಲು ತೆರೆಯುತ್ತದೆ.

ತಕ್ಕದ್ದು ಯಾವುದು? ಕಡಿಮೆ ಬಲ್ಲ ಚಿಪ್ಪಿಗೆಂದು ಮಾಡಿದ ಲೈಬ್ರರಿ ಹೆಚ್ಚು ಬಲ್ಲ ಚಿಪ್ಪಿನಲ್ಲಿ ನಡೆದೀತು, ತಿರುಗಾಮುರುಗಾ ನಡೆಯದು. ಇದು ಸುಲಭದ ಮಾತು. ಸೂಕ್ಷ್ಮವಿರುವುದು ಕೊಡುಕೊಳ್ಳುವ ರೀತಿಯಲ್ಲಿ. ದಶಾಂಶ ಸಂಖ್ಯೆಯನ್ನು ಲೈಬ್ರರಿಯ ಕೈಗೆ ಕೊಡುವಾಗ ಒಂದು ಪದ್ಧತಿಯವರು ಅದನ್ನು ಪೂರ್ಣಾಂಕದ ಗೂಡಿನಲ್ಲಿಡುತ್ತಾರೆ, ಇನ್ನೊಂದು ಪದ್ಧತಿಯವರು ದಶಾಂಶದ್ದೇ ಆದ ಗೂಡಿನಲ್ಲಿಡುತ್ತಾರೆ. ಒಬ್ಬ ಇಲ್ಲಿಟ್ಟು ಇನ್ನೊಬ್ಬ ಅಲ್ಲಿ ತಡಕಿದರೆ ಕೈಗೆ ಸಿಕ್ಕುವುದು ಹಳೆಯದೇನೋ ಒಂದು ಅಂಕೆ. ಚಿಪ್ಪು ಮಾತ್ರ ಏನೂ ಆಗದಂತೆ ಲೆಕ್ಕ ಮುಂದುವರಿಸುತ್ತದೆ!

೨೦೧೯ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ಅಂಕೋಲೆಯ ಹಳ್ಳಿಗಳಿಗೆ ನುಗ್ಗಿದ್ದನ್ನು ಕಂಡ ನನ್ನ ಅಳಿಯ, ಹೊಳೆಯ ಮಟ್ಟ ಅಳೆಯುವ ಸಣ್ಣ ಯಂತ್ರವೊಂದನ್ನು ಮಾಡಹೊರಟಿದ್ದ. ಅವನು ಆರಿಸಿದ ಪದ್ಧತಿಗೆ ಹೊಂದುವ ಕೋಣೆಯೇ ಅವನ ಕಂಪೈಲರಿನಲ್ಲಿರಲಿಲ್ಲ. ಹೀಗಾದಾಗ ಅದು ಸುಮ್ಮನೆ ರೂಢಿಯ ಕೋಣೆಗೆ ಕೈಹಾಕುವುದುಂಟು, ಹಾಗೆಯೇ ಮಾಡಿತು. ಆದರೆ ತುಂಡುಗಳನ್ನು ಕೊನೆಗೆ ಜೋಡಿಸುವ ಲಿಂಕರ್, ಎರಡರ ಮೇಲೂ ಒತ್ತಿದ್ದ ಗುರುತನ್ನು ನೋಡಿ, ಇವನ್ನು ಕೂಡಿಸಲಾರೆನೆಂದು ಹಟ ಹಿಡಿಯಿತು.

“ಒಂದು ರಾತ್ರಿ ಪೂರಾ ಹಾಳಾಯಿತು, ಮಾವ” ಎಂದು ಅವನು ಗೊಣಗಿದ.

“ಕೂಡಿಸಿಬಿಟ್ಟಿದ್ದರೆ?” ಎಂದೆ.

ಅವನು ತುಸು ಹೊತ್ತು ಸುಮ್ಮನಿದ್ದು, “ಹೊಳೆ ಅಂಗಳಕ್ಕೆ ಬಂದರೂ ನೀರು ಮೊಣಕಾಲಷ್ಟೇ ಅನ್ನುತ್ತಿತ್ತೋ ಏನೋ” ಎಂದ.

ಸರಿಯಾದ ಕೋಣೆಗಳಿರುವ ಕಂಪೈಲರನ್ನು ಅವನು ಮರುದಿನ ತಂದುಕೊಂಡ. ಇಲ್ಲದ್ದನ್ನು ಇಲ್ಲವೆನ್ನುವ ಅಂಗಡಿಯವನ ಮೇಲೆ ನಮಗೆ ಸಿಟ್ಟು ಬರುವುದು ಸಹಜ. ಆದರೆ ಮಳೆಗಾಲದ ನಡುರಾತ್ರಿ ಯಂತ್ರದ ಮಾತನ್ನು ನಂಬಿ ಮಲಗಬೇಕಾದವರು ಹೊಳೆದಂಡೆಯ ಜನ. ಅವರ ಪರವಾಗಿ ಆ ಹಟಮಾರಿ ಲಿಂಕರಿಗೆ ನನ್ನದೊಂದು ನಮಸ್ಕಾರ.