ಎರಡು ಬೈಟ್ ಜಾಗ ಬಿಟ್ಟು ಕೂರಿಸಿದ್ದು

ಸಂಜೆ ಟ್ಯೂಷನ್‌ಗೆ ಬರುವ ಮಕ್ಕಳಿಗೆಲ್ಲ ಚರ್ಚ್ ಸಭಾಭವನದ ಮೂಲೆಯಲ್ಲಿರುವ ಪುಟ್ಟ ಪೆಟ್ಟಿಗೆ ಗೊತ್ತು. ದಾನವಾಗಿ ಬಂದ ಹಳೆಯ ಎಆರ್‌ಎಂ ಪ್ರೊಸೆಸರಿನ ಕಂಪ್ಯೂಟರ್ ಅದು, ಒಳಗೆ ಲಿನಕ್ಸ್. ಕನ್ನಡ ಮಾಧ್ಯಮದ ಹತ್ತನೇ ತರಗತಿಯ ಪಾಠದ ವಿಡಿಯೊಗಳನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ನಾವು ಅದರಲ್ಲಿ ತುಂಬಿಸಿಟ್ಟಿದ್ದೇವೆ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟರೂ ಪಾಠ ನಿಲ್ಲಬಾರದೆಂಬುದು ಉದ್ದೇಶ. ಗಡಿಯ ಈಚೆ ಕನ್ನಡದಲ್ಲಿ ಕಲಿಯುವವರಿಗೆ ಇಂಥದ್ದು ಕೈಗೆ ಸಿಗುವುದೇ ಕಷ್ಟ.

ಮೇ ತಿಂಗಳ ಸಿಡಿಲಿಗೆ ಅದರ ನೆಟ್‌ವರ್ಕ್ ಪೋರ್ಟ್ ಸುಟ್ಟುಹೋಯಿತು. ಬದಲಿಗೆ ಯುಎಸ್‌ಬಿಗೆ ಸಿಕ್ಕಿಸುವ ಒಂದು ಅಡಾಪ್ಟರ್ ತಂದೆವು. ಅದರ ಡ್ರೈವರ್ ತಯಾರಕರೇ ಕೊಟ್ಟದ್ದು. ಕಂಪನಿಯ ಹೆಸರು ಇಲ್ಲಿ ಬೇಡ. ಅಂದಿನಿಂದ ನಾಲ್ಕು ಮಕ್ಕಳು ಒಟ್ಟಿಗೆ ವಿಡಿಯೊ ತೆರೆದರೆ ಸಾಕು, ಎಲ್ಲರದ್ದೂ ನಿಂತುಬಿಡುತ್ತಿತ್ತು. ಅದೇ ಅಡಾಪ್ಟರ್ ನಮ್ಮ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಹಾಗಾಗಿ ಆರೋಪವೆಲ್ಲ ಮುದಿ ಪೆಟ್ಟಿಗೆಯ ಮೇಲೆ. ಹೊಸದು ತೆಗೆದುಕೊಳ್ಳೋಣ ಎಂದರು ಕೆಲವರು. ಆದರೆ ಯುವ ಸಂಘದ ನಿಧಿಯಲ್ಲಿದ್ದ ಹಣ ಇಬ್ಬರು ಮಕ್ಕಳ ಕಾಲೇಜು ಫೀಸಿಗೆಂದು ತೆಗೆದಿಟ್ಟದ್ದು. ಅದನ್ನು ಮುಟ್ಟುವ ಮೊದಲು ಒಂದಿಷ್ಟು ಹುಡುಕಿ ನೋಡೋಣ ಎಂದು ನಾವು ಮೂವರು ಕುಳಿತೆವು.

ಎಆರ್‌ಎಂ ಮೇಲಿನ ಲಿನಕ್ಸಿನಲ್ಲಿ ಪ್ರಾಕ್ ಎಂಬ ಫೋಲ್ಡರಿನ ಒಳಗೆ, ಸಿಪಿಯು ವಿಭಾಗದಲ್ಲಿ, ಅಲೈನ್‌ಮೆಂಟ್ ಎಂಬ ಕಡತವೊಂದಿದೆ. ಪ್ರೊಸೆಸರ್ ತಪ್ಪು ವಿಳಾಸದಿಂದ ಎಷ್ಟು ಸಲ ಮೆಮೊರಿ ಓದಲು ಹೋಗಿ ಎಡವಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ವಿಡಿಯೊ ಓಡುವಾಗ ತೆರೆದು ನೋಡಿದರೆ ‘ಸಿಸ್ಟಮ್’ ಎಂಬ ಸಾಲಿನ ಅಂಕಿ ಆಟೋ ಮೀಟರಿಗಿಂತ ಜೋರಾಗಿ ಏರುತ್ತಿತ್ತು. ‘ಸಿಸ್ಟಮ್’ ಎಂದರೆ ಎಡವುತ್ತಿರುವುದು ಕರ್ನಲ್ಲೇ, ಅಂದರೆ ಆಪರೇಟಿಂಗ್ ಸಿಸ್ಟಮಿನ ಒಳತಿರುಳೇ.

ಇದನ್ನು ಚರ್ಚಿನ ಬೆಂಚಿನಿಂದ ಹೇಳಿದರೆ ಸುಲಭ. ಒಂದೊಂದು ಬೆಂಚಿನಲ್ಲಿ ನಾಲ್ಕೇ ಜನ. ಮೊದಲು 14 ಮಂದಿಯ ಹಾಡುವ ತಂಡ ಬಂದು ಕೂತಿತು: ಮೂರು ಬೆಂಚು ತುಂಬಿ ನಾಲ್ಕನೆಯದರಲ್ಲಿ ಇಬ್ಬರು. ಹಿಂದೆಯೇ ನಾಲ್ವರ ಕುಟುಂಬವೊಂದು ಬಂದರೆ ಇಬ್ಬರು ಈ ಬೆಂಚಿಗೆ, ಇಬ್ಬರು ಹಿಂದಿನದಕ್ಕೆ. ಇಡೀ ಕುಟುಂಬವನ್ನು ಒಮ್ಮೆಗೇ ಮಾತಾಡಿಸಬೇಕಾದವರು ಎರಡು ಕಡೆ ಹೋಗಬೇಕು. ನೆಟ್‌ವರ್ಕಿನಲ್ಲಿ ಆಗುವುದೂ ಇದೇ. ಈಥರ್ನೆಟ್ ಪ್ಯಾಕೆಟ್ಟಿನ ತಲೆಭಾಗ ಸರಿಯಾಗಿ 14 ಬೈಟ್: ತಲುಪಬೇಕಾದವರ ವಿಳಾಸಕ್ಕೆ 6, ಕಳುಹಿಸಿದವರದ್ದಕ್ಕೆ 6, ಬಗೆ ತಿಳಿಸಲು 2. ಅದರ ಹಿಂದೆ ಬರುವ ಐಪಿ ವಿಳಾಸಗಳು ನಾಲ್ಕು ನಾಲ್ಕು ಬೈಟಿನ ಕುಟುಂಬಗಳು. ಕಳುಹಿಸಿದವರ ಐಪಿ ವಿಳಾಸ ಐಪಿ ಭಾಗದ 12 ಬೈಟುಗಳ ನಂತರ ಇರುವುದರಿಂದ ಮೊದಲಿನಿಂದ ಎಣಿಸಿದರೆ 26ಕ್ಕೆ ಬಂತು. ನಾಲ್ಕರಿಂದ ಭಾಗವಾಗದ ಸಂಖ್ಯೆ.

ಲ್ಯಾಪ್‌ಟಾಪಿನ ಎಕ್ಸ್86 ಪ್ರೊಸೆಸರ್ ಇಂಥದ್ದನ್ನು ತಾನೇ ಸಂಭಾಳಿಸಿಕೊಂಡು ಹೋಗುತ್ತದೆ. ನಮ್ಮ ಪೆಟ್ಟಿಗೆಯದ್ದು ಎಆರ್‌ಎಂವಿ5 ಪೀಳಿಗೆಯದ್ದು. ಅದು ನಿಂತು ಕರ್ನಲ್ಲನ್ನು ಕೂಗುತ್ತದೆ. ಕರ್ನಲ್ ಬಂದು, ಯಾವ ಆದೇಶ ಎಂದು ಬಿಡಿಸಿ ನೋಡಿ, ಒಂದೊಂದೇ ಬೈಟ್ ಹೆಕ್ಕಿ ಜೋಡಿಸಿ ಕೊಡುತ್ತದೆ. ಉತ್ತರ ಸರಿಯಾಗಿಯೇ ಇರುತ್ತದೆ, ಆದರೆ ಒಂದು ಹೆಜ್ಜೆಯ ಕೆಲಸಕ್ಕೆ ನೂರಾರು ಹೆಜ್ಜೆ. ಪ್ರತಿ ಪ್ಯಾಕೆಟ್ಟಿಗೂ ಹೀಗೆ ಹಲವು ಸಲ. ತಪ್ಪು ಉತ್ತರ ಬಂದಿದ್ದರೆ ಮೊದಲ ದಿನವೇ ಯಾರಾದರೂ ಹಿಡಿಯುತ್ತಿದ್ದರು. ಬರೀ ನಿಧಾನವಾದರೆ ಎಲ್ಲರೂ ‘ಹಳೇ ಮಿಷನ್, ಬಿಡಿ’ ಎನ್ನುತ್ತಾರೆ.

ಪರಿಹಾರ ಕರ್ನಲ್ಲಿನಲ್ಲಿ ಮೊದಲೇ ಇದೆ. ನೆಟ್_ಐಪಿ_ಅಲೈನ್ ಎಂಬ ಒಂದು ಸಂಖ್ಯೆ. ಸಾಮಾನ್ಯವಾಗಿ ಅದರ ಬೆಲೆ 2, ಎಕ್ಸ್86ರಲ್ಲಿ 0. ಬಫರ್ ಕೇಳುವಾಗಲೇ ಅಷ್ಟು ಬೈಟ್ ಹೆಚ್ಚು ಕೇಳಿ, ಆರಂಭದಲ್ಲಿ ಅಷ್ಟನ್ನು ಖಾಲಿ ಬಿಟ್ಟು, ಆಮೇಲೆ ಪ್ಯಾಕೆಟ್ ತುಂಬಿಸಬೇಕು. ಮೊದಲ ಬೆಂಚಿನಲ್ಲಿ ಎರಡು ಸೀಟು ಬಿಟ್ಟು ಹಾಡುವವರನ್ನು ಕೂರಿಸಿದ ಹಾಗೆ: 14ಕ್ಕೆ 2 ಸೇರಿ 16, ಹಿಂದೆ ಬರುವ ಕುಟುಂಬಕ್ಕೆ ಇಡೀ ಬೆಂಚು. (ನಿಜವಾದ ಬೆಂಚಿನಲ್ಲಿ ತುದಿಗೆ ಕೂತು ಒಳಗೆ ಸರಿಯದವರಿಗೆ ಕರ್ನಲ್ಲಿನಲ್ಲೂ ಪರಿಹಾರವಿಲ್ಲ.) ತಯಾರಕರ ಡ್ರೈವರ್ ಈ ಎರಡು ಬೈಟ್ ಬಿಟ್ಟಿರಲೇ ಇಲ್ಲ.

ಆ ಸಾಲುಗಳನ್ನು ತಿದ್ದಿದ ಮೇಲೆ ಅಂಕಿ ಏರುವ ವೇಗ ತುಂಬಾ ತಗ್ಗಿತು, ಆದರೆ ನಿಲ್ಲಲಿಲ್ಲ. ಇನ್ನೊಂದು ಕಡೆಯೂ ಇತ್ತು. ಅಡಾಪ್ಟರ್ ಹಲವು ಪ್ಯಾಕೆಟ್ಟುಗಳನ್ನು ಒಂದರ ಹಿಂದೆ ಒಂದು ಒತ್ತಿ ಕಳುಹಿಸುತ್ತದೆ. ಪ್ರತಿಯೊಂದರ ಮುಂದೆ ನಾಲ್ಕು ಬೈಟಿನ ಒಂದು ಚೀಟಿ. ಮೊದಲ ಪ್ಯಾಕೆಟ್ ಬೆಸ ಉದ್ದದ್ದಾದರೆ ಮುಂದಿನ ಚೀಟಿ ಬೆಸ ವಿಳಾಸಕ್ಕೆ ಬೀಳುತ್ತದೆ. ಡ್ರೈವರ್ ಮಾತ್ರ ಅದನ್ನು ಸಾಲಾಗಿ ಕೂತ ನಾಲ್ಕು ಬೈಟ್ ಎಂದೇ ನಂಬಿ ಓದುತ್ತಿತ್ತು. ಇಲ್ಲಿ ಜಾಗ ಬದಲಿಸುವ ಹಾಗಿಲ್ಲ, ಏಕೆಂದರೆ ಅದು ಅಡಾಪ್ಟರ್ ಇಟ್ಟ ಜಾಗ. ಓದುವ ರೀತಿಯನ್ನೇ ಬದಲಿಸಬೇಕು. ಅದಕ್ಕೆ ಗೆಟ್_ಅನ್‌ಅಲೈನ್ಡ್ ಎಂಬ ಸಿದ್ಧ ಸಲಕರಣೆಯಿದೆ. ನಮ್ಮಲ್ಲೊಬ್ಬರು ಎಲ್ಲ ಸ್ಟ್ರಕ್ಚರಿಗೂ ‘ಪ್ಯಾಕ್ಡ್’ ಎಂಬ ಗುರುತು ಹಾಕಿಬಿಡೋಣ ಎಂದರು. ಬೇಡವೆಂದೆವು. ಹಾಗೆ ಮಾಡಿದರೆ ಸರಿಯಾದ ಜಾಗದಲ್ಲಿರುವುದನ್ನೂ ಇಂಥ ಪ್ರೊಸೆಸರಿನಲ್ಲಿ ಬಿಡಿಬಿಡಿಯಾಗಿ ಓದಬೇಕಾಗುತ್ತದೆ. ಕರ್ನಲ್ಲಿನ ಜೊತೆಗೇ ಬರುವ ದಾಖಲೆಗಳಲ್ಲಿ ಡೇನಿಯಲ್ ಡ್ರೇಕ್ ಮತ್ತು ಜೊಹಾನ್ಸ್ ಬರ್ಗ್ ಈ ವಿಷಯಕ್ಕೇ ಒಂದು ಅಧ್ಯಾಯ ಬರೆದಿದ್ದಾರೆ. ಬಿಎಸ್ಸಿ ಓದುವವರು ಒಮ್ಮೆ ನೋಡಲೇಬೇಕು. ನಮ್ಮ ಪಠ್ಯದಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು.

ಈಗ ಅಲೈನ್‌ಮೆಂಟ್ ಕಡತದ ಅಂಕಿ ನಿಂತಲ್ಲೇ ನಿಂತಿದೆ. ವಿಡಿಯೊಗಳು ಓಡುತ್ತಿವೆ, ಫೀಸಿನ ಹಣ ಫೀಸಿಗೇ ಹೋಯಿತು. ತಿದ್ದುಪಡಿಯನ್ನು ತಯಾರಕರಿಗೆ ಕಳುಹಿಸಿದ್ದೇವೆ, ಉತ್ತರವಿಲ್ಲ. ಆದ್ದರಿಂದ ಪ್ರತಿ ಸಲ ಕರ್ನಲ್ ಬದಲಾದಾಗಲೂ ಡ್ರೈವರನ್ನು ನಾವೇ ಮತ್ತೆ ಕಂಪೈಲ್ ಮಾಡಬೇಕು. ಈ ಕೆಲಸಕ್ಕೆ ಇನ್ನೂ ಇಬ್ಬರು ಬೇಕಾಗಿದ್ದಾರೆ. ಸಿ ಭಾಷೆ ಸ್ವಲ್ಪ ಗೊತ್ತಿದ್ದರೆ ಸಾಕು. ಭಾನುವಾರ ಎರಡನೇ ಪೂಜೆಯ ನಂತರ ಧರ್ಮೋಪದೇಶದ ಕೊಠಡಿಯಲ್ಲಿ ಸಿಗುತ್ತೇವೆ.