ಹಳೆಯ ಸ್ಪೋರ್ಟ್ಸ್ ಸೆಡಾನ್ ಕೇಳುವ ಸಾವಕಾಶ

ಮನೆಯಲ್ಲಿ ಒಂದು ಕಾರಿದ್ದೂ ಹತ್ತು ಹನ್ನೆರಡು ವರ್ಷ ಹಳೆಯ ಆಟೊಮ್ಯಾಟಿಕ್ ಸ್ಪೋರ್ಟ್ಸ್ ಸೆಡಾನ್ ತಂದುಕೊಂಡವರಿಗೆ ಬುದ್ಧಿ ಹೇಳುವವರು ಬಹಳ. ಇಷ್ಟವಿದ್ದರೆ ಮೊದಲಿನದನ್ನು ಮಾರಿ ಇದೊಂದನ್ನೇ ಇಟ್ಟುಕೊಳ್ಳಬಾರದೇ ಎನ್ನುತ್ತಾರೆ. ಹಣದ ಲೆಕ್ಕಕ್ಕೆ ಆ ಮಾತು ಸರಿ. ಆದರೆ ಇಂಥ ಕಾರು ಹಣದಷ್ಟೇ ಸಾವಕಾಶವನ್ನೂ ಕೇಳುತ್ತದೆ, ದಿನದ ಓಡಾಟಕ್ಕೆ ಆ ಕಾರನ್ನೇ ನಂಬಿದವರು ಆ ಸಾವಕಾಶವನ್ನು ಕೊಡಲಾರರು. ಹಳೆಯ ಸ್ಪೋರ್ಟ್ಸ್ ಸೆಡಾನನ್ನು ಸರಿಯಾಗಿ ಸಾಕಬೇಕಾದರೆ ಅದು ಎರಡನೆಯ ಕಾರೇ ಆಗಿರಬೇಕು ಎಂಬುದು ನನ್ನ ವಾದ.

2012ರಲ್ಲಿ ಭಾರತಕ್ಕೆ ಬಂದ, ಎಫ್30 ಎಂದು ಕರೆಯುವ ಪೀಳಿಗೆಯ ಬಿಎಂಡಬ್ಲ್ಯು 328ಐ ಕಾರನ್ನೇ ನೋಡಿ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 245 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್, ಝಡ್‌ಎಫ್ ಕಂಪನಿಯ ಎಂಟು ಗೇರಿನ ಆಟೊಮ್ಯಾಟಿಕ್. ಅಂದಿನ ಬೆಲೆಯ ಸಣ್ಣದೊಂದು ಪಾಲಿಗೆ ಇಂದು ಸಿಗುತ್ತದೆ. ಕೊಳ್ಳುವವರು ಎಡವುವುದು ಇಲ್ಲೇ. ಕಾರಿನ ಬೆಲೆ ಇಳಿದಿದೆ, ಬಿಡಿಭಾಗಗಳ ಬೆಲೆ ಇಳಿದಿಲ್ಲ. ಇದರ ಎನ್20 ಎಂಜಿನ್ನಿನ ಮೊದಲ ವರ್ಷಗಳ ಟೈಮಿಂಗ್ ಚೈನ್ ಗೈಡುಗಳು ಪ್ಲಾಸ್ಟಿಕ್ಕಿನವು. ಸವೆದು ಮುರಿಯುತ್ತವೆ, ಚೈನ್ ತಪ್ಪಿದರೆ ಎಂಜಿನ್ನೇ ಹೋಗುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಆಯುಷ್ಯಪೂರ್ತಿ ಬಾಳುತ್ತದೆಂದು ಕಾರು ತಯಾರಕರು ಹೇಳಿದರು. ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್ ಮಾತ್ರ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರಿನೊಳಗೆ ಬದಲಿಸಿ ಎನ್ನುತ್ತದೆ. ನನಗೆ ಝಡ್‌ಎಫ್ ಮಾತಿನಲ್ಲೇ ನಂಬಿಕೆ. ಎಣ್ಣೆಯ ಫಿಲ್ಟರ್ ಗೇರ್‌ಬಾಕ್ಸ್ ತಳದ ಪ್ಲಾಸ್ಟಿಕ್ ಸಂಪಿನೊಳಗೇ ಸೇರಿಕೊಂಡಿರುವುದರಿಂದ ಸಂಪನ್ನೇ ಬದಲಿಸಬೇಕು, ಎಂಜಿನ್ ಓಡುತ್ತಿರುವಾಗ, ಎಣ್ಣೆ ನಿಗದಿತ ಬಿಸಿಯಲ್ಲಿರುವಾಗಲೇ ಮಟ್ಟ ನೋಡಬೇಕು. ನಾಳೆ ಬೆಳಿಗ್ಗೆ ಆಫೀಸಿಗೆ ಇದೇ ಕಾರು ಬೇಕೆಂದರೆ ಅವಸರದ ಮೆಕ್ಯಾನಿಕ್, ಕೈಗೆ ಸಿಕ್ಕ ಬಿಡಿಭಾಗ, ಮುಂದಿನ ತಿಂಗಳು ನೋಡೋಣವೆಂಬ ಮಾತು ಒಂದರ ಹಿಂದೊಂದು ಬರುತ್ತವೆ. ಒಳ್ಳೆಯ ಕಾರುಗಳು ಹೆಚ್ಚಾಗಿ ಕೆಡುವುದು ಹೀಗೆಯೇ. ಇನ್ನೊಂದು ಕಾರಿದ್ದವರು ಸರಿಯಾದ ಭಾಗ ಬರುವವರೆಗೆ ಮೂರು ವಾರ ಕಾಯಬಲ್ಲರು.

ನಿಂತ ಕಾರೂ ಕೆಡುತ್ತದಲ್ಲ ಎಂದರೆ, ಖಂಡಿತ ಕೆಡುತ್ತದೆ. ಬ್ಯಾಟರಿ ಇಳಿಯುತ್ತದೆ, ಹೊಸತು ಕೂರಿಸಿದಾಗ ಕಾರಿನ ಕಂಪ್ಯೂಟರಿನಲ್ಲೂ ದಾಖಲಿಸಬೇಕು. ಬ್ರೇಕ್ ದ್ರವ ತೇವ ಹೀರುತ್ತದೆ, ಓಡಿಸಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಟೈರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಗೆರೆಗಳು ಆಳವಾಗಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಈಗ ಪೆಟ್ರೋಲಿಗೆ 20 ಪ್ರತಿಶತ ಎಥೆನಾಲ್ ಬೆರೆಯುತ್ತಿದೆ, ಅದೂ ತೇವ ಹೀರುವಂಥದ್ದೇ. ಆದ್ದರಿಂದ ಎರಡನೆಯ ಕಾರು ಎಂದರೆ ಹೊದಿಕೆಯಡಿ ಮಲಗಿಸಿದ ಕಾರಲ್ಲ. ವಾರಕ್ಕೊಮ್ಮೆಯಾದರೂ ಎಂಜಿನ್ ಎಣ್ಣೆ ಪೂರ್ತಿ ಬಿಸಿಯಾಗುವಷ್ಟು ದೂರ ಅದನ್ನು ಓಡಿಸಬೇಕು. ಮನೆ ಮುಂದೆ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು.

ಆಟೊಮ್ಯಾಟಿಕ್ ಎಂದಮೇಲೆ ಸ್ಪೋರ್ಟ್ಸ್ ಎಲ್ಲಿಂದ ಬಂತು ಎನ್ನುವವರಿಗೆ ಉತ್ತರ ಚಿಕ್ಕದು. ಈ ಗೇರ್‌ಬಾಕ್ಸಿನಲ್ಲಿ ಕಾರು ಚಲಿಸಿದ ಸ್ವಲ್ಪ ಹೊತ್ತಿಗೇ ಟಾರ್ಕ್ ಕನ್ವರ್ಟರ್ ಲಾಕ್ ಆಗುತ್ತದೆ, ಹಳೆಯ ಆಟೊಮ್ಯಾಟಿಕ್‌ಗಳ ಜಾರುವಿಕೆ ಇಲ್ಲ. ಆಗುಂಬೆ ಘಾಟಿಯ ತಿರುವುಗಳನ್ನು ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟುಕೊಂಡೇ ಹತ್ತಬಹುದು.

ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಜಾಗ ಮತ್ತು ಹೊಗೆ. ಜಾಗದ ಬಗ್ಗೆ ನನಗೆ ಅನುಮಾನವೇ ಇಲ್ಲ. ಬೆಂಗಳೂರಿನ ಇಕ್ಕಟ್ಟಿನ ಕ್ರಾಸುಗಳಲ್ಲಿ ಸ್ವಂತ ಗೇಟಿನೊಳಗೆ ಜಾಗವಿಲ್ಲದವರು ಎರಡನೆಯ ಕಾರು ಕೊಳ್ಳಬಾರದು. ರಸ್ತೆ ನಡೆದಾಡುವವರದೂ ಹೌದು. ಹೊಗೆಯ ಮಾತು ಬಂದರೆ, 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್6 ಮಾನದಂಡಕ್ಕಿಂತ ಹಿಂದಿನ ಕಾರು ಹೆಚ್ಚು ಮಲಿನ ಎಂಬುದು ನಿಜ. ಅದಕ್ಕೇ ಹಳೆಯ ಡೀಸೆಲ್ 320ಡಿ ಬದಲು ಪೆಟ್ರೋಲ್ 328ಐ ನನ್ನ ಆಯ್ಕೆ, ಅದೂ ವಾರಕ್ಕೊಂದು ಓಡಾಟಕ್ಕೆ. ಇದೇ ಕಾರನ್ನು ದಿನವೂ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿಸಿದರೆ ಅದರ ಹೊಗೆ ಎಷ್ಟೋ ಪಟ್ಟು ಹೆಚ್ಚುತ್ತದೆ. ಹದಿನೈದು ವರ್ಷಕ್ಕೆ ನೋಂದಣಿ ನವೀಕರಣದ ತಪಾಸಣೆಯೂ ಎದುರಾಗುತ್ತದೆ. ಇಷ್ಟೆಲ್ಲ ತಿಳಿದೂ ಕೊಳ್ಳುವವರು ಓಡೋಮೀಟರ್ ನೋಡುವ ಮೊದಲು ಚೈನ್ ಮತ್ತು ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ರಸೀದಿ ಕೇಳಲಿ. ರಸೀದಿ ಇಲ್ಲದಿದ್ದರೆ ಆ ಎರಡೂ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಲಿ.